ಮುಸುಕಿನ ಜೋಳ ಬಾಕಿ ಇದೆ

ಫೆಬ್ರವರಿ 4, ಬೆಳಿಗ್ಗೆ

ಹಳದಿ ಪೆನ್ನಿನ ತುದಿಗೆ ಹಸಿರು ಹತ್ತಿಕೊಂಡಿದೆ. ನಿನ್ನೆ ಚಿತ್ರದಲ್ಲಿ ಇನ್ನೂ ಒಣಗದ ಎಲೆಯ ಮೇಲೆ ಹಳದಿ ಸವರಿದ್ದರ ಫಲ. ಟಿಶ್ಯೂ ಮೇಲೆ ಎಳೆಯುತ್ತಾ ಕೂತೆ — ಹಸಿರೆಲ್ಲ ಹೋಗಿ ಹಳದಿ ಬರೀ ಹಳದಿ ಆಗುವವರೆಗೆ. ಮಾಡಲು ಬೇರೆ ಕೆಲಸ ಬೇಕಾದಷ್ಟಿತ್ತು. ಇದನ್ನೇ ಮಾಡಿದೆ.

ಇವತ್ತು ಹೂಕೋಸು. ಬಿಳಿ ತರಕಾರಿಯ ಕಾಟವೇ ಬೇರೆ. ಈ ನೀರಿನ ಬ್ರಷ್ ಪೆನ್ನುಗಳಲ್ಲಿ ಬಿಳಿ ಅನ್ನುವುದೇ ಇಲ್ಲ. ಬಿಳಿ ಬೇಕಾದ ಕಡೆ ಕಾಗದವನ್ನು ಹಾಗೇ ಬಿಡಬೇಕು. ಸುತ್ತ ತಿಳಿ ಬೂದು, ಚೂರು ಹಳದಿ. ಒದ್ದೆ ಬ್ರಷ್ಷಿನಿಂದ ಅಂಚು ಕರಗಿಸಿದರೆ ಹೂವು ಉಬ್ಬಿ ನಿಲ್ಲುತ್ತದೆ. ಮೊದಲು ತಿಳಿ, ಆಮೇಲೆ ಗಾಢ. ಉಲ್ಟಾ ಆದರೆ ರಾಡಿ.

ಹೆರಿಗೆ ಆಸ್ಪತ್ರೆಯ ಗೋಡೆಗೆ ಇದು. ಹೊಟ್ಟೆಯಲ್ಲಿರುವ ಮಗು ಯಾವ ವಾರಕ್ಕೆ ಎಷ್ಟು ದೊಡ್ಡದಾಗಿರುತ್ತದೆ ಎಂದು ತೋರಿಸಲು ವಾರಕ್ಕೊಂದು ತರಕಾರಿ. ಬಟಾಣಿಯಿಂದ ಕುಂಬಳಕಾಯಿಯವರೆಗೆ. ಆರ್ಡರ್ ಸಿಕ್ಕಾಗ ನಾನೂ ಅದೇ ಆಸ್ಪತ್ರೆಯ ಬೆಂಚಿನ ಮೇಲೆ ಸರದಿ ಕಾಯುತ್ತಿದ್ದವಳು. ನನಗೆ ಯಾವ ವಾರವೋ ಆ ವಾರದ ತರಕಾರಿ ಬಿಡಿಸುತ್ತಿದ್ದೆ. ಡಾಕ್ಟರಮ್ಮನಿಗೆ ಅದು ಬಹಳ ಇಷ್ಟವಾಗಿತ್ತು. ಬಟಾಣಿ, ನಿಂಬೆ, ದಪ್ಪ ಮೆಣಸಿನಕಾಯಿ, ಕ್ಯಾರೆಟ್ಟು... ಮುಸುಕಿನ ಜೋಳದ ವಾರದಲ್ಲಿ ಮಗುವಿನ ಎದೆಬಡಿತ ನಿಂತುಹೋಯಿತು.

ಎರಡು ತಿಂಗಳ ಮೇಲೆ ಮತ್ತೆ ಪೆನ್ನು ಹಿಡಿದಿದ್ದೇನೆ. ಜೋಳ ಬಿಟ್ಟು ಮುಂದಕ್ಕೆ ಹಾರಿದೆ. ಏನೂ ಅನ್ನಿಸುತ್ತಿಲ್ಲ. ಹೂಕೋಸು ಚೆನ್ನಾಗಿ ಬಂದಿದೆ.

ಫೆಬ್ರವರಿ 5

ಅತ್ತೆ ಮಾಡೆಲ್ಲನ್ನು ಬೇಯಿಸಿಬಿಟ್ಟರು. ಪೂರ್ತಿ ಅಲ್ಲ. ಮೇಜಿನ ಮೇಲೆ ಹೂಕೋಸು ನನ್ನ ಕಡೆ ಮುಖ ಮಾಡಿ ಜಂಬದಿಂದ ಕೂತಿತ್ತು. ತಿರುಗಿಸಿದರೆ ಬೆನ್ನೇ ಇಲ್ಲ. ಕೇಳಿದ್ದಕ್ಕೆ, "ನೀನು ಬರೆಯೋದು ಮುಂದಿನದು ತಾನೇ? ಹಿಂದಿನದು ನಾನು ತಗೊಂಡೆ" ಎಂದರು. ನಗು ಬರಬೇಕಿತ್ತು. ಬರಬೇಕಿತ್ತು ಎಂದು ಗೊತ್ತಾಯಿತು, ಅಷ್ಟೇ.

ಮೊಮ್ಮಗುವಿಗೆಂದು ಬರಬೇಕಿದ್ದವರು ನನಗೆಂದು ಬಂದರು. ನಾನು ಆಸ್ಪತ್ರೆಯಿಂದ ಮನೆಗೆ ಬಂದ ದಿನದಿಂದ ಇಲ್ಲೇ ಇದ್ದಾರೆ.

ಇವನು ಎಂದಿನಂತೆ. ತಟ್ಟೆ ತೊಳೆದಿಟ್ಟ, ಬೂಟು ಹಾಕಿದ, ಹೊರಟ. ಲಿಫ್ಟ್ ರಿಪೇರಿ ಕೆಲಸ. ಯಾರಾದರೊಬ್ಬರು ಎಲ್ಲಾದರೂ ಮಧ್ಯದಲ್ಲಿ ಸಿಕ್ಕಿಹಾಕಿಕೊಂಡೇ ಇರುತ್ತಾರೆ. ಅತ್ತೆ ಮಗನನ್ನು ಮುಚ್ಚಳ ಎಂದೇ ಕರೆಯುವುದು. ಹುಟ್ಟುವಾಗಲೇ ಬಾಯಿಗೆ ಹಾಕಿಕೊಂಡು ಬಂದನಂತೆ.

ಫೆಬ್ರವರಿ 9, ಮಧ್ಯಾಹ್ನ

ಎಲೆಕೋಸು. ಮೈಯೆಲ್ಲ ನರ. ಒಂದೇ ಜಾಗಕ್ಕೆ ನೀರು ಹಾಕಿ ಜಾಸ್ತಿ ತಿಕ್ಕಿದೆ, ಕಾಗದದ ಮೈ ಎದ್ದು ನೂಲು ನೂಲಾಯಿತು. ಹರಿದು ಹಾಕಿ ಮತ್ತೆ ಶುರು.

ಅಕ್ಕ ಫೋನ್ ಮಾಡಿದ್ದಳು. ಗೋಡೆಯ ಕೆಲಸ ಮುಗಿದ ಮೇಲೆ ಅವಳ ಮನೆಗೆ ಹೋಗುವುದು ಎಂದಾಗಿದೆ. ಹಿಂದಿನ ರೂಮು ಖಾಲಿ ಮಾಡಿಸಿದ್ದಾಳೆ. ಎಷ್ಟು ದಿನಕ್ಕೆ ಎಂದು ಅವಳು ಕೇಳಲಿಲ್ಲ. ವಾಪಸ್ ಬರುವ ಮಾತು ನಾನೂ ಎತ್ತಲಿಲ್ಲ. ಇವನಿಗೆ ಇನ್ನೂ ಹೇಳಿಲ್ಲ.

ಜಗಳವೇನೂ ಆಗಿಲ್ಲ. ಆಗಿದ್ದರೆ ಒಳ್ಳೆಯದಿತ್ತು. ನನ್ನನ್ನು ಮನೆಗೆ ಕರೆತಂದ ಮರುದಿನವೇ ಟೂಲ್ ಬ್ಯಾಗ್ ಹೆಗಲಿಗೇರಿಸಿ ಹೊರಟ. ಅವತ್ತಿನಿಂದ ಮಗುವಿನ ಮಾತು ಒಮ್ಮೆಯೂ ಎತ್ತಿಲ್ಲ. ಕರೆಂಟ್ ಬಿಲ್ಲಿನ ಬಗ್ಗೆ ಮಾತಾಡುತ್ತಾನೆ. ಗ್ಯಾಸ್ ಬಗ್ಗೆ. ಅವನಿಗೆ ಏನೂ ಕಳೆದೇ ಇಲ್ಲವೇನೋ ಎನ್ನುವ ಹಾಗೆ... ಅದೊಂದು ಮಾತ್ರ ಒಳಗೆ ಸ್ವಲ್ಪ ಚುಚ್ಚುತ್ತದೆ. ಉಳಿದದ್ದೆಲ್ಲ ಮರಗಟ್ಟಿದೆ.

ಮಗುವನ್ನು ನಾನು ನೋಡಲಿಲ್ಲ. ನೋಡ್ತೀರಾ ಎಂದು ಕೇಳಿದರು. ಬೇಡ ಎಂದು ಮುಖ ತಿರುಗಿಸಿದೆ. ಗಂಡೋ ಹೆಣ್ಣೋ, ಅದೂ ಗೊತ್ತಿಲ್ಲ. ಯಾರನ್ನೂ ಕೇಳಿಲ್ಲ.

ಫೆಬ್ರವರಿ 10

ಎಲೆಕೋಸು ಮುಗಿಯಿತು. ಇಡಿಯಾಗಿ ಅತ್ತೆಯ ಕೈಗೆ ಕೊಟ್ಟೆ. ಬೆನ್ನು ಸಮೇತ ಕೊಡ್ತಿದ್ದೀಯಲ್ಲ ಎಂದರು.

ಫೆಬ್ರವರಿ 13

ಸೋರೆಕಾಯಿ ತರಲು ಮಾರ್ಕೆಟ್ಟಿಗೆ. ತಿನ್ನುವುದಕ್ಕಾದರೆ ಎಳೆಯದು ಬೇಕು, ನನಗೆ ಮೈಮೇಲೆ ಗೀರು ಇದ್ದದ್ದು ಬೇಕು. ಎತ್ತಿ, ತಿರುಗಿಸಿ, ಇಟ್ಟು, ಇನ್ನೊಂದು ಎತ್ತಿ. ತರಕಾರಿಯವಳು, ಅಳಿಯನನ್ನು ಹುಡುಕುವವರೂ ಇಷ್ಟು ನೋಡುವುದಿಲ್ಲ ಎಂದು ರೇಗಿಸಿದಳು. ಆಮೇಲೆ ನನ್ನ ಇಳಿದ ಹೊಟ್ಟೆಯ ಕಡೆ ನೋಡಿ ಮುಖ ಅರಳಿಸಿದಳು. ಮಗು ಹೇಗಿದೆ ಎಂದು ಕೇಳಿದಳು.

ಚೆನ್ನಾಗಿದೆ ಎಂದೆ.

ಒಂದು ಕಟ್ಟು ಸೊಪ್ಪು ಸುಮ್ಮನೆ ಚೀಲಕ್ಕೆ ಹಾಕಿದಳು. ಬಾಣಂತಿಗೆ ಒಳ್ಳೆಯದಂತೆ. ದಾರಿಯುದ್ದಕ್ಕೂ ಚೀಲ ಭಾರವಿತ್ತು. ಸೋರೆಕಾಯಿಯದ್ದೇ ಭಾರ.

ಫೆಬ್ರವರಿ 18

ಎಲ್ಲ ಮುಗಿದವು. ಕೊನೆಗೆ ಕುಂಬಳ. ಮೇಜಿನ ಮೇಲಿಡಲು ಇವನೇ ಎತ್ತಿಕೊಟ್ಟಿದ್ದ — ಎರಡೂ ಕೈಯಲ್ಲಿ, ಎದೆಗೆ ಒತ್ತಿಕೊಂಡು. ಇಬ್ಬರೂ ಬೇರೆ ಎಲ್ಲೋ ನೋಡಿದೆವು. ಆಮೇಲೆ ತನ್ನ ಕೆಲಸದ ಲೈಟು ತಂದು ಮೇಜಿನ ಅಂಚಿಗೆ ಸಿಕ್ಕಿಸಿದ, ನೆರಳು ಒಂದೇ ಕಡೆ ಬೀಳಲಿ ಎಂದು.

ಚಿತ್ರದ ಕಟ್ಟು ಆಸ್ಪತ್ರೆಗೆ ಕಳಿಸಿದೆ. ಜೋಳದ ಬಗ್ಗೆ ಏನೂ ಹೇಳಲಿಲ್ಲ. ಇಷ್ಟರ ಮಧ್ಯೆ ಒಂದು ಇಲ್ಲದಿದ್ದರೆ ಯಾರಿಗೆ ಕಾಣುತ್ತದೆ.

ಸೂಟ್‌ಕೇಸ್ ಕೆಳಗಿಳಿಸಿ ಧೂಳು ಒರೆಸಿದೆ. ಅತ್ತೆ ನೋಡಿದರು.

ಫೆಬ್ರವರಿ 20, ಬೆಳಿಗ್ಗೆ

ಕಂಡಿತು. ಆಸ್ಪತ್ರೆಯ ಹೆಡ್ ಸಿಸ್ಟರ್ ಫೋನು. ಅವತ್ತು ಇಡೀ ಹೊತ್ತು ನನ್ನ ಕೈ ಹಿಡಿದು ಕೂತಿದ್ದವರು ಅವರೇ. ಮೊದಲು ಅದೂ ಇದೂ ಮಾತಾಡಿದರು. ಕುಂಬಳಕಾಯಿ ಹೊಗಳಿದರು. ಆಮೇಲೆ ನಿಧಾನಕ್ಕೆ, ಜೋಳ ಇಲ್ಲ ಎಂದರು. ಆ ಜಾಗ ಖಾಲಿ ಇರಲಿ ಬಿಡಿ ಎಂದೆ.

"ನಂಗೇನೂ ಇಲ್ಲ ಮೇಡಂ, ಬಿಡಬಹುದು. ಆದ್ರೆ ಆ ವಾರದಲ್ಲಿರೋ ಹುಡುಗಿ ಬಂದು ಬೆಂಚಲ್ಲಿ ಕೂತು ಗೋಡೆ ನೋಡ್ತಾಳೆ. ತನ್ನ ವಾರದ ಜಾಗದಲ್ಲಿ ಏನೂ ಇಲ್ಲ ಅಂದ್ರೆ ಏನಂದ್ಕೋಬೇಕು ಅವಳು?"

ಕೊಡುತ್ತೇನೆ ಎಂದೆ.

ಫೆಬ್ರವರಿ 21

ಜೋಳ ತಂದೆ. ಮುಸುಕು ಬಿಡಿಸದೆ ಮೇಜಿನ ಮೇಲಿಟ್ಟೆ. ಹೊಸ ಹಾಳೆ ಬೋರ್ಡಿಗೆ ಅಂಟಿಸಿದೆ. ಪೆನ್ಸಿಲ್ಲನ್ನೂ ಮುಟ್ಟಲಾಗಲಿಲ್ಲ. ತೆನೆಯ ತುದಿಯಲ್ಲಿ ಕೂದಲಿದೆ, ನಯವಾದ ಕೂದಲು. ಅದನ್ನು ಮರೆತೇ ಬಿಟ್ಟಿದ್ದೆ.

ಅತ್ತೆ ಬಂದರು. ನೋಡಿದರು. ಅದರ ಮೇಲೊಂದು ಬಟ್ಟೆ ಮುಚ್ಚಿ ಹೋದರು. ಅವರು ಬೇಯಿಸದೆ ಬಿಟ್ಟ ಮೊದಲ ಮಾಡೆಲ್ ಇದು.

ಫೆಬ್ರವರಿ 22, ಸಂಜೆ

ಹಳೆಯ ಹಾಳೆ ನೆನಪಾಯಿತು. ಅವತ್ತು ಅರ್ಧಕ್ಕೆ ಬಿಟ್ಟದ್ದು — ಪೆನ್ಸಿಲ್ ಗೆರೆ, ಕಾಳಿಗೆಲ್ಲ ಮೊದಲ ತಿಳಿ ಹಳದಿ. ಹೊಟ್ಟೆಯಲ್ಲಿ ಅಲುಗಾಟ ಇಲ್ಲವಲ್ಲ ಎನ್ನಿಸಿ ಪೆನ್ನು ಮುಚ್ಚಿ ಎದ್ದವಳು ನಾನು. ಅದೆಲ್ಲಿ ಎಂದು ಇವನನ್ನು ಕೇಳಿದೆ. ಬೀರುವಿನ ಮೇಲಿಂದ ತಂದ. ಎರಡು ರಟ್ಟಿನ ನಡುವೆ ಇಟ್ಟು, ಸುತ್ತ ವೈರಿಗೆ ಸುತ್ತುವ ಕಪ್ಪು ಟೇಪು. ಕೈಗೆ ಕೊಟ್ಟವನೇ ಅಡುಗೆಮನೆಗೆ ಹೋದ.

ಬಿಚ್ಚಿದೆ. ಹಳದಿಯ ಮಧ್ಯೆ ಮೂರು ಕಲೆ. ಚಹಾ ಚೆಲ್ಲಿರಬೇಕು ಎಂದುಕೊಂಡೆ. ಚಹಾ ಆದರೆ ಕಂದು ಉಳಿಯುತ್ತದೆ. ಇದು ನೀರು. ಮೇಲಿಂದ ನೇರ ಬಿದ್ದ ಹನಿ. ಬಣ್ಣ ನಡುವಿನಿಂದ ಸರಿದು ಅಂಚಿನಲ್ಲಿ ಉಂಗುರ ಕಟ್ಟಿದೆ. ಈ ಬಣ್ಣ ಒಣಗಿದ ಮೇಲೂ ನೀರು ತಾಕಿದರೆ ಏಳುತ್ತದೆ. ಅದನ್ನು ನೋಡುವುದೇ ನನ್ನ ಕೆಲಸ. ನನ್ನ ಕಣ್ಣೀರಂತೂ ಅಲ್ಲ, ನಾನು ಅತ್ತೇ ಇಲ್ಲ. ಆಸ್ಪತ್ರೆಯಿಂದ ಬರುವಷ್ಟರಲ್ಲಿ ಮೇಜು ಖಾಲಿಯಾಗಿತ್ತು. ಅತ್ತೆ ಆಗಿನ್ನೂ ಬಂದಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಿಂತೆ.

"ಇದರ ಹತ್ರ ಕೂತಿದ್ಯಾ?"

ಲೋಟ ತೊಳೆಯುತ್ತಿದ್ದ. ತೊಳೆದದ್ದನ್ನೇ ಮತ್ತೆ ತೊಳೆದ.

"ನಿನ್ನ ಬಟ್ಟೆ ತಗೊಂಡು ಹೋಗೋಕೆ ಬಂದಿದ್ದೆ. ಟೇಬಲ್ ಲೈಟ್ ಹಾಗೇ ಉರೀತಿತ್ತು." ಲೋಟ ಬೋರಲು ಹಾಕಿದ. "ಒರೆಸಿದ್ರೆ ಕೆಡುತ್ತೆ ಅಂತ ನೀನೇ ಹೇಳ್ತಿದ್ದೆಯಲ್ಲ. ಒರೆಸಲಿಲ್ಲ."

ವಾಪಸ್ ಬಂದು ಕೂತಿದ್ದೇನೆ. ಎದೆಯಲ್ಲಿ ನೋವು ಶುರುವಾಗಿದೆ. ಹಲ್ಲಿನ ಡಾಕ್ಟರು ಕೊಟ್ಟ ಇಂಜೆಕ್ಷನ್ ಇಳಿಯುವಾಗ ಆಗುತ್ತದಲ್ಲ, ಹಾಗೆ. ಮೊದಲು ಜುಮ್ಮೆನ್ನುತ್ತದೆ. ಆಮೇಲೆ ಬರುತ್ತದೆ.

ಫೆಬ್ರವರಿ 23

ಹೊಸ ಹಾಳೆ ಬೋರ್ಡಿನಿಂದ ಕಿತ್ತೆ. ಹಳೆಯದನ್ನೇ ಮುಂದುವರಿಸಿದೆ. ಎರಡನೆಯ ಹಳದಿ, ಕಾಳಿನ ಸಂದಿಗೆ ಕಾವಿ. ಆ ಮೂರು ಹನಿಯನ್ನು ಮುಟ್ಟಲಿಲ್ಲ. ಸುತ್ತ ಬಣ್ಣ ಕೊಟ್ಟು ಅಲ್ಲಿ ಹಾಗೇ ಬಿಟ್ಟೆ. ಮೂರು ಕಾಳಿನ ಮೇಲೆ ಬೆಳಕು ಬಿದ್ದ ಹಾಗೆ ಕಾಣುತ್ತದೆ. ನೋಡಿದವರು ಹಾಗೇ ಅಂದುಕೊಳ್ಳುತ್ತಾರೆ.

ಮಧ್ಯಾಹ್ನ ಬಚ್ಚಲಿನಲ್ಲಿ ಕೂತು ಅತ್ತುಬಿಟ್ಟೆ. ತುಂಬ ಹೊತ್ತು. ಅತ್ತೆಗೆ ಕೇಳಿಸಿರಬೇಕು, ಹೊರಗೆ ಬಂದಾಗ ಟವಲ್ ಹಿಡಿದು ನಿಂತಿದ್ದರು.

ಈ ವಾರ ಬರಲಾಗುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಹಾಗಾದರೆ ಯಾವಾಗ ಎಂದಳು. ಗೊತ್ತಿಲ್ಲ ಎಂದೆ. ನಿಜಕ್ಕೂ ಗೊತ್ತಿಲ್ಲ.

ಫೆಬ್ರವರಿ 24, ಸಂಜೆ

ಇವನು ಬೇಗ ಬಂದ. ನಡುಮನೆಯಲ್ಲಿ ಸೂಟ್‌ಕೇಸ್ ನೋಡಿದ. ಬ್ಯಾಗ್ ಇಳಿಸಿದ. ಕುರ್ಚಿ ಎಳೆದುಕೊಂಡು ನನ್ನ ಮೇಜಿನ ಎದುರು ಕೂತ. ಇಷ್ಟು ದಿನ ಅಲ್ಲಿ ಕೂತವನಲ್ಲ.

ಮುಸುಕು ಮಾತ್ರ ಬಾಕಿ ಇತ್ತು. ತಿಳಿ ಹಸಿರು ಪೆನ್ನು ಅವನ ಕೈಗೆ ಕೊಟ್ಟೆ. ಒತ್ತಬೇಡ ಎಂದೆ. ಸ್ಪ್ಯಾನರ್ ಹಿಡಿಯುವ ಕೈ. ಒಂದೇ ಎಲೆಗೆ ಪೆನ್ನಿನ ತುದಿ ಹಳೇ ಟೂತ್‌ಬ್ರಷ್ ಆಯಿತು. ಬೆರಳೆಲ್ಲ ಹಸಿರು. ಬೈಯಬೇಕು ಅನ್ನಿಸಲಿಲ್ಲ. ಮುಸುಕು ಕೆಟ್ಟದಾಗಿ ಬಂದಿದೆ. ಹಾಗೇ ಇರಲಿ.

ಪೆನ್ನು ಮುಚ್ಚಿಟ್ಟು, ಅಂಗೈ ಮೇಲೆ ಮಾಡಿ ತೆನೆಯ ಪಕ್ಕ ಇಟ್ಟ.

"ಇದಕ್ಕಿಂತ ಚೂರು ಉದ್ದ ಇತ್ತು" ಎಂದ. "ನಾನು ಎತ್ಕೊಂಡಿದ್ದೆ."

ನನಗೆ ಗೊತ್ತಿರಲಿಲ್ಲ. ನಾನು ಮುಖ ತಿರುಗಿಸಿದಾಗ ಅವನು ಕೈ ಚಾಚಿದ್ದಾನೆ. ಎರಡು ತಿಂಗಳು ಅದನ್ನು ಒಬ್ಬನೇ ಇಟ್ಟುಕೊಂಡು ಊರಿನ ಲಿಫ್ಟೆಲ್ಲ ರಿಪೇರಿ ಮಾಡಿದ್ದಾನೆ.

ಎಲ್ಲ ಹೇಳು ಎಂದೆ. ಕೈ ತೊಳೆದು ಬರುತ್ತೇನೆ ಎಂದು ಎದ್ದ. ನೀರಿನ ಬಣ್ಣ, ಬೇಗ ಹೋಗುತ್ತದೆ. ಆದರೂ ನಲ್ಲಿ ಆಗಿನಿಂದ ಸುರಿಯುತ್ತಲೇ ಇದೆ. ಅತ್ತೆ ತಮ್ಮ ರೂಮಿನಲ್ಲಿ ಟಿವಿ ಆರಿಸಿದರು. ಗಂಡೋ ಹೆಣ್ಣೋ ಎಂದು ಮೊದಲು ಕೇಳಬೇಕು. ಆಮೇಲೆ ಕೂದಲು ಇತ್ತಾ ಎಂದು. ಆಮೇಲೆ ಬೆರಳು —

ನಲ್ಲಿ ನಿಂತಿತು. ಬರುತ್ತಿದ್ದಾನೆ.