ನೂರು ವರ್ಷದ ಚಿರತೆ

ಸಾಲ್ಟ್‌ಪಾಂಡ್, ಘಾನಾ
ಮಾರ್ಚ್ ೧೪, ಗುರುವಾರ

ನನ್ನ ಅಕ್ಕನ ಮಗಳು ಅರಾಬಾಗೆ ಮಾವನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ. ನಾನೊಬ್ಬ ಮಾತ್ರ ಮೂರು ವಾರದಿಂದ ಹೊಟ್ಟೆ ಉರಿದುಕೊಂಡು ಬದುಕಿದ್ದೇನೆ.

ಯೂರೋಪಿನ ದೊಡ್ಡ ಮ್ಯೂಸಿಯಂನಲ್ಲಿ ನೀನು ಹೊಲಿದ ಬಾವುಟಗಳನ್ನು ಗಾಜಿನ ಹಿಂದೆ ಇಟ್ಟಿದ್ದಾರೆಂದು ಪೇಪರಿನಲ್ಲಿ ಓದಿದೆ. ಸಂತೋಷ. ಸುಳ್ಳೇಕೆ, ಅರ್ಧ ಸಂತೋಷ. ನಲವತ್ತು ವರ್ಷ ನನ್ನ ಬಾವುಟ ಹಿಡಿದು ಊರು ಕಾಯುವ ನಮ್ಮ ಅಸಾಫೊ ದಂಡಿನವರು ಬೀದಿಯಲ್ಲಿ ಕುಣಿದಿದ್ದಾರೆ. ನನ್ನ ಬಾವುಟದ ಮೊಸಳೆ ನೋಡಿ ಎದುರು ದಂಡಿನವರು ಕಲ್ಲು ಹಿಡಿದು ಬಂದದ್ದೂ ಉಂಟು. ಅಂಥ ಮೆಚ್ಚುಗೆ ಗಾಜಿನ ಹಿಂದೆ ಸಿಗುತ್ತದೆಯೇ?

ಆದರೆ ನನ್ನನ್ನು ಸುಟ್ಟದ್ದು ಅದಲ್ಲ. ನಿನ್ನ ಬಾವುಟಗಳ ಪಕ್ಕದಲ್ಲೇ ಒಂದು ಹಳೆಯ ಚಿರತೆಯ ಬಾವುಟವಿದೆಯಂತೆ. ನೂರು ವರ್ಷದ ಹಿಂದೆ ಅದನ್ನು ಹೊಲಿದ ಹೆಸರಿಲ್ಲದವನೇ ನಿನ್ನ ಗುರು, ಅವನ ಕಾಲ ಧೂಳಿಗೂ ನೀನು ಸಮನಲ್ಲ ಎಂದು ಪೇಪರಿನವರಿಗೆ ಹೇಳಿದ್ದೀಯ. ನಿನಗೆ ಸೂಜಿಗೆ ದಾರ ಪೋಣಿಸಲು ಕಲಿಸಿದವನು ಯಾರು? ಪಕ್ಕದ ಮನೆಯಲ್ಲಿ ಮೀನಿಗೆ ಹೊಗೆ ಹಾಕುವ ಎಕುವಾ ದಿನಾ ಕೆಣಕಿದಳು: "ಏನಣ್ಣಾ, ಸತ್ತೋನ್ ಮುಂದೂ ಸೋತ್ಬಿಟ್ಯಲ್ಲ."

"ಅವನೇನ್ ಹೊಲ್ದಿರ್ತಾನೆ ಬಿಡೇ, ಗೋಣೀಚೀಲ" ಅಂದೆ. ಆ ಸತ್ತವನನ್ನು ಬೈದು ಬೈದು ಬಾಯಿ ಒಣಗಿತು.

ಮೊನ್ನೆ ನಿನ್ನ ಕಾಗದ ಬಂತು, ಚಿರತೆಯ ಫೋಟೋ ಸಮೇತ. ಎರವಲು ತಂದಿಟ್ಟಿದ್ದ ಅದನ್ನು ಮ್ಯೂಸಿಯಂನವರು ಈಗ ಕೊಳ್ಳಲಿದ್ದಾರೆ, ನೂರು ವರ್ಷದ್ದೇ ಎಂದು ಊರಿನ ಹಿರಿಯ ಬಾವುಟಗಾರನಾಗಿ ನಾನು ಬರೆದುಕೊಡಬೇಕು ಎಂದಿದ್ದೀಯ. ಫೋಟೋವನ್ನು ಕಣ್ಣಿಗೆ ಹತ್ತಿರ ಹಿಡಿದು ಒಂದೊಂದೇ ಚುಕ್ಕೆ ನೋಡಿದೆ. ಎಕುವಾ ಇಣುಕಿ, "ಚೆನ್ನಾಗೈತಲ್ಲಣ್ಣ, ಒಪ್ಕೋ ಈಗಾದ್ರೂ" ಅಂದಳು.

ಒಪ್ಪಿಕೊಂಡೆ.

ಬರೆದುಕೊಡಲಾರೆ ಮಗಳೇ. ಆ ಮನುಷ್ಯ ಸತ್ತಿಲ್ಲ. ಈಗತಾನೇ ಮೀನಿನ ಜೊತೆ ಜೋಳದ ಕೆಂಕಿ ತಿಂದು, ಕೈ ತೊಳೆದು, ಈ ಕಾಗದ ಬರೆಯುತ್ತಿದ್ದಾನೆ. ನೀನು ಚಿಕ್ಕವಳಿದ್ದಾಗ ಅಕ್ರಾದ ವ್ಯಾಪಾರಿಯೊಬ್ಬ ನನ್ನ ಹೊಸ ಬಾವುಟಗಳನ್ನು ನೋಡಿ ಮೂಗು ಮುರಿದ; ಅವನಿಗೆ ಹಳೆಯದೇ ಬೇಕಿತ್ತು. ಸರಿ ಎಂದು ಚಿರತೆ ಹೊಲಿದು, ಆ ಕಾಲದವರಂತೆ ಮೂಲೆಗೆ ಬ್ರಿಟಿಷರ ಬಾವುಟ ಸೇರಿಸಿ, ಟೀ ಡಿಕಾಕ್ಷನ್ನಿನಲ್ಲಿ ಅದ್ದಿ, ಮೀನಿನ ಒಲೆಯ ಮೇಲೆ ಹೊಗೆಗೆ ಕಟ್ಟಿದೆ. ಹದಿನೈದು ದಿನದಲ್ಲಿ ನೂರು ವರ್ಷ ಮುಗಿಸಿದವನು ಈ ಕರಾವಳಿಯಲ್ಲಿ ನಾನೊಬ್ಬನೇ.

ಚಿರತೆ ನಮ್ಮ ದಂಡಿನ ಗುರುತು, ಹೊರಗಿನವರಿಗೆ ಮಾರುವಂತಿಲ್ಲ. ವಿಷಯ ಬಯಲಾದರೆ ಹಿರಿಯರು ಇನ್ನು ನನ್ನ ಕೈಯಲ್ಲಿ ಒಂದು ಬಾವುಟವನ್ನೂ ಹೊಲಿಸುವುದಿಲ್ಲ. ಸುಮ್ಮನಿದ್ದರೆ ನಿನ್ನ ಹೆಸರಿನ ಪಕ್ಕದಲ್ಲಿ ಹೆಸರಿಲ್ಲದವನಾಗಿ ತೂಗುತ್ತಿರಬೇಕು. ಎರಡು ದಿನ ಯೋಚಿಸಿದೆ. ಕೆಲಸ ಹೋಗಲಿ, ನನ್ನ ಹೆಸರು ಬರೆಸು. ನಿನಗೂ ಅಲ್ಲಿ ತಲೆ ತಗ್ಗಿಸುವಂತಾಗುತ್ತದೆ, ಗೊತ್ತು. ಮೂರು ವಾರ ನಾನು ತಗ್ಗಿಸಲಿಲ್ಲವೇ?

ಇಂತಿ ನಿನ್ನ ಗುರು, ಎರಡು ಸಲವೂ,
ಕೊಬಿನಾ ಎಸಿಲ್ಫಿ

ತಾ.ಕ.: ನಂಬದಿದ್ದರೆ ಚಿರತೆಯ ಹಿಂಗಾಲಿನ ಮೂರನೇ ಚುಕ್ಕೆಯ ಹೊಲಿಗೆ ಬಿಚ್ಚಿ ನೋಡಲಿ. ಕಂದು ಬಟ್ಟೆ ಸಾಲದೆ ನಿನ್ನ ನಾಲ್ಕನೇ ಕ್ಲಾಸಿನ ಯೂನಿಫಾರ್ಮ್ ಕತ್ತರಿಸಿ, ಮೇಕೆ ತಿಂದಿತೆಂದು ನಿನ್ನಮ್ಮನಿಗೆ ಹೇಳಿದ್ದೆ. ಅವಳು ಕೆಂಪು ದಾರದಲ್ಲಿ ಹೊಲಿದ ನಿನ್ನ ಹೆಸರು ಆ ಚುಕ್ಕೆಯ ಒಳಮಗ್ಗುಲಿಗಿದೆ. ಮ್ಯೂಸಿಯಂ ಸೇರುವುದರಲ್ಲೂ ನನಗಿಂತ ನೀನೇ ಮೊದಲು, ಕಳ್ಳಿ.