ಅವಳು ಹುಡುಕಿದ ಮಾತು

ಗೆಂಟ್, ನವೆಂಬರ್ ೧೪

ಪ್ರೀತಿಯ ರೋಸ್,

ಹಿಂದೆ ನಿನ್ನೆದುರು ನಮ್ಮ ಆಫೀಸಿನ ಇಲ್ಸೆಯನ್ನು ಎಷ್ಟು ಬೈದಿದ್ದೆನೋ, ಇವತ್ತು ಅಷ್ಟೇ ಹೊಗಳಬೇಕೆನಿಸಿದೆ. ನಗಬೇಡ.

ವೆಬ್‌ಸೈಟಿಗೆ ಅಂದಚೆಂದ ಕೊಡುವವಳು ನಾನು. ಜನ ಹುಡುಕಿದಾಗ ಅದು ಮೊದಲು ಕಾಣುವಂತೆ ಮಾಡುವವಳು ಅವಳು. ನಮ್ಮಿಬ್ಬರದು ಎಣ್ಣೆ-ಸೀಗೆಕಾಯಿ. ನಾನು ಬಿಟ್ಟ ಖಾಲಿ ಜಾಗಕ್ಕೆಲ್ಲ ಅವಳು ಅಕ್ಷರ ತುರುಕುತ್ತಾಳೆಂದು ನನ್ನ ದೂರು; ಬಾಗಿಲಿಲ್ಲದ ಮನೆಗೆ ನಾನು ಬಣ್ಣ ಬಳಿಯುತ್ತೇನೆಂದು ಅವಳ ಕೊಂಕು.

ಈ ಸಲ ಬಂದದ್ದು ಗೋಡೆಲೀವ್ ಎಂಬಾಕೆ ನಡೆಸುವ ಆಶ್ರಯಮನೆಯ ಕೆಲಸ. ಗಂಡನ ಹೊಡೆತ ತಾಳದೆ ಹೊರಬಂದ ಹೆಂಗಸರಿಗೆ ಅಲ್ಲಿ ಇರಲು ಜಾಗ ಕೊಡುತ್ತಾರೆ. ನಾನು ಬೆಳಗಿನ ನದಿಯ ಚಿತ್ರ ಹಾಕಿ, ಮೇಲೆ 'ಪ್ರಶಾಂತ ತೀರ' ಎಂದಷ್ಟೇ ಬರೆದೆ. ಗೋಡೆಲೀವ್ ಕಣ್ಣು ತುಂಬಿಕೊಂಡು ಮೆಚ್ಚಿದಳು. ಇಲ್ಸೆ ಒಪ್ಪಲಿಲ್ಲ. "ಅದನ್ನ ತೆಗ್ದು 'ಗಂಡ ಹೊಡೀತಾನೆ, ಎಲ್ಲಿಗೆ ಹೋಗ್ಲಿ' ಅಂತ ಬರಿ, ದಪ್ಪಕ್ಷರದಲ್ಲಿ" ಅಂದಳು. ನನಗೆ ಮೈಯೆಲ್ಲ ಉರಿಯಿತು. ಇಂಥ ಒರಟು ಮಾತು ಓದಿದವರಿಗೆ ಅವಮಾನವಾಗುತ್ತದೆ ಎಂದು ವಾದಿಸಿದೆ.

ಅವಳು ಜಗಳ ಬೆಳೆಸಲಿಲ್ಲ. ನನ್ನನ್ನು ಆಶ್ರಯಮನೆಯ ಅಡುಗೆಕೋಣೆಗೆ ಕರೆದೊಯ್ದು, ಅಲ್ಲಿನ ಹೆಂಗಸರೊಡನೆ ಆಲೂಗಡ್ಡೆ ಸುಲಿಯಲು ಕೂತಳು. ನನ್ನ 'ಪ್ರಶಾಂತ ತೀರ'ದ ಪುಟವನ್ನು ಅವರಿಗೆ ತೋರಿಸಿ, ಮನೆ ಬಿಡುವ ಮೊದಲು ಫೋನಿನಲ್ಲಿ ಏನೆಂದು ಬರೆದು ಹುಡುಕಿದಿರಿ ಎಂದು ಮೆಲ್ಲಗೆ ಕೇಳಿದಳು. ಆ ಕೇಳುವ ರೀತಿ ನೀನು ನೋಡಬೇಕಿತ್ತು, ರೋಸ್. ಯಾರನ್ನೂ ಅವಸರಿಸಲಿಲ್ಲ, ಅಯ್ಯೋ ಎನ್ನಲೂ ಇಲ್ಲ. ಕೊನೆಗೊಬ್ಬಳು ಬಾಯಿಬಿಟ್ಟಳು: "ತೀರ ಗೀರ ಯಾರಮ್ಮ ಹುಡುಕ್ತಾರೆ? ನಾನು ಬಚ್ಚಲಲ್ಲಿ ಚಿಲಕ ಹಾಕ್ಕೊಂಡು, 'ಮಗೂನೂ ಕರ್ಕೊಂಡು ಹೋಗ್ಬಹುದಾ' ಅಂತ ಬರ್ದೆ."

ವಾಪಸು ಬರುವಾಗ ಟ್ರಾಮಿನಲ್ಲಿ, ಆ ಮಾತುಗಳನ್ನೇ ಹಾಕೋಣ ಎಂದು ನಾನೇ ಹೇಳಿದೆ. ಇಲ್ಸೆ ಗೆದ್ದವಳಂತೆ ಬೀಗಲಿಲ್ಲ. "ನಿನ್ನ ನದಿ ಇರ್ಲಿ ಕಣೇ. ಹುಡುಕ್ಕೊಂಡು ಬಂದೋಳು ಅದನ್ನ ನೋಡಿ ಒಂಚೂರು ಉಸಿರಾಡ್ಲಿ" ಅಂದಳು. ಹಿಂದಿನಿಂದ ಯಾರಾದರೂ ಬಂದರೆ ಪುಟವನ್ನು ತಟ್ಟನೆ ಮರೆಮಾಡುವ ಒಂದು ಗುಂಡಿಯನ್ನು ನಾನು ಮಾಡಿಕೊಟ್ಟೆ. ಅದನ್ನು ಎಲ್ಲಿಟ್ಟರೆ ಹೆಬ್ಬೆರಳಿಗೆ ಸಿಗುತ್ತದೆಂದು ಇಬ್ಬರೂ ಕೂತು ನೋಡಿದೆವು.

ಮೊನ್ನೆ ಆಲ್ಸ್ಟ್ ಊರಿನಿಂದ ಒಬ್ಬಳು ಎರಡು ಮಕ್ಕಳನ್ನು ಕರೆದುಕೊಂಡು ಆಶ್ರಯಮನೆಗೆ ಬಂದಳಂತೆ. ತನ್ನ ಮನಸ್ಸಿನ ಮಾತನ್ನೇ ಯಾರೋ ಮೊದಲೇ ಬರೆದಿಟ್ಟಂತಿತ್ತು ಎಂದಳಂತೆ. ಗೋಡೆಲೀವ್ ಫೋನಿನಲ್ಲಿ ಇದನ್ನು ಹೇಳಿದಾಗ ಇಲ್ಸೆ ಕಿಟಕಿಯ ಕಡೆ ತಿರುಗಿ ಬಹಳ ಹೊತ್ತು ಕನ್ನಡಕ ಒರೆಸಿಕೊಂಡಳು. ಆಮೇಲೆ, ಫೋನ್ ನಂಬರಿನ ಅಕ್ಷರ ತೀರಾ ಸಣ್ಣದಾಯ್ತು ಎಂದು ನನ್ನನ್ನೇ ಗದರಿದಳು. ದೊಡ್ಡದು ಮಾಡಿದೆ.

ನಿನ್ನ ಅಕ್ಕ,
ವೀರ್ಲೆ

ಮರೆತ ಮಾತು: ನಿನ್ನ ಗಂಡನ ಕೈಗೆ ಸಿಗದಿರಲೆಂದು ಈ ಕಾಗದವನ್ನು ನಿನ್ನ ಶಾಲೆಯ ವಿಳಾಸಕ್ಕೆ ಕಳಿಸಿದ್ದೇನೆ. ಈಸ್ಟರ್ ಊಟದಲ್ಲಿ ನೀನು ತೋಳು ಮುಚ್ಚಿಕೊಂಡದ್ದು ನನಗೆ ಕಂಡಿತ್ತು. ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ಹಾಸಿಗೆ ಹಾಸಿಟ್ಟಿದ್ದೇನೆ. ಏನೂ ಹೇಳಬೇಕಾಗಿಲ್ಲ, ಬಂದುಬಿಡು.