ಅಣ್ವಸ್ತ್ರಕ್ಕೆ ಮಂಗಳ

ಮನ್ರೋ, ಅಮೆರಿಕ, ಮಾರ್ಚ್ ೧೪, ಶನಿವಾರ

ಅಳಿಯ ನವನೀತ್ ಇಂದು ಸತ್ಯನಾರಾಯಣ ಪೂಜೆ ಮಾಡಿಸಿದ. ನೆಲದ ಮೇಲಿನವರೆಲ್ಲ ಸತ್ತರೂ ಆಕಾಶದಿಂದಲೇ ಅಣ್ವಸ್ತ್ರ ಹಾರಿಸುವ ವಿಮಾನವನ್ನು ಹೊಸದಾಗಿಸಲು ಸರ್ಕಾರ ಹಣ ಕೊಟ್ಟಿತಂತೆ, ಅದರ ಕಾರ್ಖಾನೆಯಲ್ಲಿ ಇವನ ಕೆಲಸ ಉಳಿಯಿತಂತೆ. ಅದಕ್ಕೆ ಸಜ್ಜಿಗೆ ಪ್ರಸಾದ!

“ಮಾವ, ಮಂಗಳ ನೀವೇ ಹಾಡ್ಬೇಕು, ಫುಲ್ ವಾಲ್ಯೂಮ್!” ಎಂದ.

ಭೀಮನಾಗಿ ಗರ್ಜಿಸಿದ ಗಂಟಲು ನನ್ನದು. ನಮ್ಮ ನಾಟಕ ಕಂಪನಿಯಲ್ಲಿ ಕುರುಕ್ಷೇತ್ರ ಮುಗಿದ ಮೇಲೆ ಸತ್ತ ಕೌರವರೆಲ್ಲ ಎದ್ದು, ಧೂಳು ಕೊಡವಿ, ನನ್ನ ಪಕ್ಕದಲ್ಲೇ ನಿಂತು ಮಂಗಳ ಹಾಡುತ್ತಿದ್ದರು.

“ನವನೀತ್, ನಿನ್ನ ಕುರುಕ್ಷೇತ್ರದಲ್ಲಿ ಮಂಗಳಕ್ಕೆ ಯಾರಪ್ಪಾ ಏಳ್ತಾರೆ?” ಎಂದೆ.

ಡೈಲಾಗ್ ಎಂದುಕೊಂಡು ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಮಗಳು ಸಿಂಧು ಮಾತ್ರ ಕಿವಿಯ ಹತ್ತಿರ ಬಂದು, “ಅಪ್ಪಾ, ನಿಮ್ಮ ಬೈಪಾಸ್ ಆಗಿದ್ದೂ ಇವರ ಅದೇ ಸಂಬಳದಲ್ಲೇ” ಎಂದಳು.

ಎದೆಯ ಹೊಲಿಗೆಯ ಮೇಲೆ ಕೈಯಿಟ್ಟುಕೊಂಡು ಹಾಡಿದೆ. ಗೋಡೆ ನಡುಗುವಂತೆ ಹಾಡಿದೆ. ಈ ಹಾಳು ದನಿ ಇಂದಾದರೂ ಕೈಕೊಡಬಾರದಿತ್ತೇ...